ಖಾಲಿ ಶೀಶೆಯ ಪಂಚನಾಮೆ

ಮೂವತ್ತು ವರ್ಷದಿಂದ ಮಹಾರಾಷ್ಟ್ರದ ಉದಗೀರದ ಧಾನ್ಯಪೇಟೆಯಲ್ಲಿ ತೊಗರಿ, ಸೋಯಾಬೀನ್ ವ್ಯಾಪಾರ ಮಾಡಿದವನು ನಾನು. ನಮ್ಮಲ್ಲಿ ಚೀಲದ ಬಾಯಿ ನೋಡಿ ಮಾಲು ಕೊಳ್ಳುವವನು ದಡ್ಡ. ಚೀಲದ ಹೊಟ್ಟೆಗೆ ಕಬ್ಬಿಣದ ಕೊಳವೆ ಚುಚ್ಚಬೇಕು, ಕಾಳನ್ನು ಅಂಗೈಗೆ ಸುರಿಯಬೇಕು, ಉಫ್ ಎಂದು ಊದಬೇಕು. ಹೊಟ್ಟು ಹಾರಿದ ಮೇಲೆ ಉಳಿದದ್ದೇ ಸತ್ಯ! ಇಂಥ ನನಗೆ ಒಂದು ಡಬ್ಬಿ ಇಳಿಸಿಕೊಳ್ಳುವುದು ಯಾವ ಲೆಕ್ಕ?

ಸೊಸೆ ಶಿಲ್ಪಾ ಇಲ್ಲಿನ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಆ ದಿನ ಪರೀಕ್ಷೆಯ ಕೆಲಸಕ್ಕೆ ನಿಲಂಗಾಕ್ಕೆ ಹೋಗಿದ್ದಳು. ಲ್ಯಾಬಿಗೆ ಬೀಗವಿತ್ತಾದ್ದರಿಂದ ಡಬ್ಬಿ ಕಳಿಸುವ ಕಂಪನಿಗೆ ಮನೆಯ ವಿಳಾಸ ಕೊಟ್ಟಿದ್ದಳು.

"ಮಾಮಾರ, ನನ್ನ ಡಬ್ಬಿ ಬರ್ತದರಿ," ಎಂದಳು ಫೋನಿನಲ್ಲಿ. "ಬಿಚ್ಚಬ್ಯಾಡ್ರಿ. ಹಂಗೇ ಫ್ರಿಜ್ಜಿನ ಬರ್ಫದ ಖಾನ್ಯಾಗ ಇಡ್ರಿ. ನನ್ನ ಕೊನೀ ಪ್ರಯೋಗ ಅದರ ಮ್ಯಾಲೇ ಅದ. ಅದು ಕೆಟ್ರ ಥೀಸಿಸ್ ಮುಂದ್ ಹೋಗ್ತದ."

"ನೀ ಬೇಫಿಕೀರ್ ಇರವ್ವಾ!"

ಡಬ್ಬಿ ಬಂತು. ಥರ್ಮಾಕೋಲಿನದು, ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ಮೇಲಿನ ಚೀಟಿಯನ್ನು ಕನ್ನಡಕ ಏರಿಸಿ ಓದಿದೆ. 'ಹ್ಯೂಮನ್ ಪ್ರೋಟೀನ್' ಎಂದಿತ್ತು.

"ಹ್ಯೂಮನ್ ಅಂದ್ರ?" ಎಂದಳು ಹೆಂಡತಿ ಮಾದೇವಿ.

"ಮನಿಶ್ಯಾ."

"ಶಿವ ಶಿವಾ! ಇಬತ್ತಿ ಹಚ್ಚೂ ಮನ್ಯಾಗ ಮನಿಶ್ಯಾರ್ದು ತಂದು ಇಡ್ತೀರಿ? ನನ್ನ ಮಸರಿನ ಬಾಜೂ ಇಡ್ಲಾಕ ಕೊಡಾಂಗಿಲ್ಲ!"

ಕೆಳಗೆ ಇನ್ನೊಂದು ಸಾಲಿತ್ತು: ಮನುಷ್ಯರಿಗೆ ಬಳಸತಕ್ಕದ್ದಲ್ಲ. ನನ್ನ ಕಿವಿ ನೆಟ್ಟಗಾಯಿತು. ಮನುಷ್ಯರದು, ಆದರೆ ಮನುಷ್ಯರಿಗಲ್ಲ! ಇಂಥ ಗೋಲ್‌ಮಾಲ್ ನಾನು ಪೇಟೆಯಲ್ಲೂ ಕಂಡಿರಲಿಲ್ಲ. ಯಾರೋ ಸೊಸೆಗೆ ಟೋಪಿ ಹಾಕಿದ್ದಾರೆ ಎಂದು ಮನಸ್ಸು ಹೇಳಿತು. ಮನೆಯ ಹಿರಿಯನಾಗಿ ಸುಮ್ಮನಿರುವುದು ಧರ್ಮವೇ? ಬಿಚ್ಚಿದೆ!

ದೊಡ್ಡ ಡಬ್ಬಿಯೊಳಗೆ ಬರ್ಫದ ಚೀಲಗಳು, ಅವುಗಳ ನಡುವೆ ಸಣ್ಣ ಡಬ್ಬಿ, ಅದರೊಳಗೆ ಕಿರುಬೆರಳಿನಷ್ಟು ಶೀಶೆ. ಶೀಶೆಯೊಳಗೆ? ಏನೂ ಇಲ್ಲ! ಬಿಸಿಲಿಗೆ ಹಿಡಿದೆ, ಅಲ್ಲಾಡಿಸಿದೆ. ಖಾಲಿ.

ಸಾಕ್ಷಿ ಬೇಕಲ್ಲ! ಪಕ್ಕದ ಮನೆಯ ಜೋಶಿ ಗುರೂಜಿಯನ್ನು ಕರೆದೆ. ನಿವೃತ್ತ ಮರಾಠಿ ಮಾಸ್ತರು, ಶೀಶೆಯನ್ನು ಕಣ್ಣಿಗೆ ತಾಗಿಸಿಕೊಂಡು, "ಅಹೋ ಶೇಟಜಿ, ಹೇ ತರ ರಿಕಾಮಂ ಆಹೆ!" ಎಂದು, ಇದು ಖಾಲಿಯೇ ಎಂಬ ತೀರ್ಪು ಕೊಟ್ಟರು. ಪಂಚನಾಮೆ ವಿಧಿವತ್ತಾಗಿ ಶುರುವಾಯಿತು. ಗುರೂಜಿ ಮೊಬೈಲಿನಲ್ಲಿ ವೀಡಿಯೊ ಹಿಡಿದರು. ನಾನು ಮುಚ್ಚಳ ತೆಗೆದು ಶೀಶೆಯನ್ನು ಅಂಗೈ ಮೇಲೆ ಬೋರಲು ಹಾಕಿ ತಟ್ಟಿದೆ. ಏನೂ ಬೀಳಲಿಲ್ಲ. ಅಭ್ಯಾಸಬಲ ನೋಡಿ, ಅಂಗೈಗೆ ಉಫ್ ಎಂದು ಊದಿದೆ. ಶೀಶೆಯೊಳಕ್ಕೂ ಒಮ್ಮೆ ಊದಿದೆ!

ಚೀಟಿಯ ಮೇಲಿದ್ದ ಕಂಪನಿಯ ನಂಬರಿಗೆ ಫೋನು ಹಚ್ಚಿ ಗುಡುಗಿದೆ. ಆ ಕಡೆಯ ಹುಡುಗಿ ತಣ್ಣಗೆ ಕೇಳಿದಳು: "ಸರ್, ಅದು ಬರಿಗಣ್ಣಿಗೆ ಕಾಣುವುದಿಲ್ಲ. ತಳಕ್ಕೆ ಅಂಟಿಕೊಂಡಿರುತ್ತದೆ. ನೀವು ಮುಚ್ಚಳ ತೆಗೆದಿಲ್ಲ ತಾನೆ?"

ಗುರೂಜಿಗೆ ಇದ್ದಕ್ಕಿದ್ದಂತೆ ಮನೆಯ ಕೆಲಸ ನೆನಪಾಯಿತು.

ಸಂಜೆ ಶಿಲ್ಪಾ ಬಂದಳು. ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕರಗಿದ್ದ ಬರ್ಫದ ಚೀಲಗಳನ್ನು ನೋಡಿದಳು, ಶೀಶೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಊದಿದ್ರೇನ್ರಿ ಮಾಮಾರ?"

"ಸ್ವಲ್ಪ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅತ್ತೆಯ ಪಕ್ಕ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ನಿಜವಾಗಿಯೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅದು ಯಾವ ಮನಿಶ್ಯಾನ ಮೈಯಾಗಿಂದೂ ತೆಗದಿದ್ದಲ್ಲರಿ ಅತ್ತಿ," ಎಂದು ಆಮೇಲೆ ಬಿಡಿಸಿ ಹೇಳಿದಳು. "ನಮ್ಮ ಕರುಳಿನ ಕಣಗೋಳ ನಡು ಸಂದು ಮುಚ್ಚೂ ಪ್ರೋಟೀನ್. ನೀವು ಹೆಪ್ಪು ಹಾಕಿದ್ರ ಕಣ್ಣಿಗಿ ಕಾಣ್ಲಾರ್ದ ಜೀವ ಮಸರು ಮಾಡ್ತಾವಲ್ಲ, ಹಂಗ ಅಂಥ ಜೀವದ ಕೈಲೇ ಇದನ್ನ ಲ್ಯಾಬಿನ್ಯಾಗ ಮಾಡಸ್ತಾರ, ಬರೇ ಪ್ರಯೋಗಕ್ಕ."

"ಮೊದ್ಲೇ ಹಂಗ ಹೇಳಬಾರ್ದೇನವ್ವಾ!" ಎಂದಳು ಮಾದೇವಿ.

ಥೀಸಿಸ್ ಒಂದೂವರೆ ತಿಂಗಳು ಮುಂದೆ ಹೋಯಿತು. ಎರಡನೆಯ ಡಬ್ಬಿ ಬಂದಾಗ ನಾನೇ ಮುಂದಾಗಿ ಕೈ ಚಾಚಿದೆ. ಕೊರಿಯರಿನವನು ಡಬ್ಬಿಯನ್ನು ಎದೆಗೆ ಅವುಚಿಕೊಂಡು, "ಮಾದೇವಿ ಬಾಯಾರ ಕೈಯಾಗೇ ಕೊಡ್ಬೇಕಂತ ಶಿಲ್ಪಾ ಮೇಡಮ್ ಹೇಳ್ಯಾರರಿ," ಎಂದ. ಮಾದೇವಿ ಸಹಿ ಹಾಕಿ, ಡಬ್ಬಿಯನ್ನು ಬರ್ಫದ ಖಾನೆಯಲ್ಲಿಟ್ಟು, ಬಾಗಿಲು ಹಾಕಿ ಬಂದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಒಳಗ ಏನದ ಅಂತ ಒಮ್ಮೆರೆ ನೋಡ್ಲಿಲ್ಲಲ್ಲ?"

"ನೋಡೂದೇನದ? ಇಡು ಅಂದಾಳ, ಇಟ್ಟೀನಿ."

ಮೂವತ್ತು ವರ್ಷದ ಅನುಭವವಿಲ್ಲದವರಿಗೆ ಎಷ್ಟು ಸುಲಭದ ಕೆಲಸ!