ಕಾಯುವವರಿಗೆ ಇಪ್ಪತ್ತೈದಕ್ಕೆ ಎಷ್ಟು?

ನಮ್ಮ ಅತ್ತಿಗೆಗೆ ಗೋಲು ಹೊಡೆಯುವವರನ್ನು ಕಂಡರೆ ಆಗುವುದಿಲ್ಲ. ಎದುರಾಳಿ ತಂಡದವರನ್ನು ಕಂಡರೆ ಅಲ್ಲ, ಸ್ವಂತ ತಂಡದವರನ್ನು! ಅವರ ತಂಡದ ಹುಡುಗ ಚೆಂಡನ್ನು ಕಂಬಗಳ ನಡುವೆ ಒದ್ದು, ಎರಡೂ ಕೈ ಚಾಚಿ ವಿಮಾನದ ಹಾಗೆ ಓಡಿದನೆನ್ನಿ, ನಮ್ಮ ಅತ್ತಿಗೆ ಟಿ.ವಿ.ಗೆ ಬೆನ್ನು ತಿರುಗಿಸಿ ಬೀನ್ಸ್ ನಾರು ತೆಗೆಯಲು ಕೂರುತ್ತಾರೆ. "ಗೋಲು ಹೊಡಿಯೂದು ಯಾರಿಗೆ ಬರಂಗಿಲ್ಲವಾ? ಮುಂದ ಯಾರೂ ಇರಂಗಿಲ್ಲ, ಒದ್ದರ ಆತು. ಹಿಂದ ನಿಂತಾವ್ರನ್ನ ನೋಡು!"

ಹಿಂದೆ ನಿಂತವರನ್ನು ನೋಡುವುದೇ ಅವರ ಜೀವನದ ಉದ್ಯೋಗ. ಅದನ್ನು ಅವರಷ್ಟು ಚೆನ್ನಾಗಿ ಮಾಡುವವರನ್ನು ನಾನು ಇನ್ನೂ ಕಂಡಿಲ್ಲ.

ಇವರು ನನ್ನ ಗಂಡನ ಅಕ್ಕ. ಹುಬ್ಬಳ್ಳಿಯಲ್ಲಿ ಲೆಕ್ಕದ ಟೀಚರಾಗಿದ್ದವರು ಮದುವೆಯಾಗಿ ಮೆಲ್ಬರ್ನಿಗೆ ಹೋದರು. ಅಲ್ಲಿ ಅವರ ಮನೆಯ ಹಿಂದಿನ ಬೀದಿಯಲ್ಲೇ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಮೈದಾನ. ಗಂಡ ಹೆಂಡತಿ ಇಪ್ಪತ್ತೆರಡು ವರ್ಷ, ಚಳಿಗಾಲದ ಪ್ರತಿ ಶನಿವಾರ, ಒಂದು ಫ್ಲಾಸ್ಕು ಚಹಾ ಹಿಡಿದು ಗೋಲಿನ ಹಿಂದೆ ನಿಂತು ಪಂದ್ಯ ನೋಡಿದರು. ಆ ಇಪ್ಪತ್ತೆರಡು ವರ್ಷದಲ್ಲಿ ಕ್ಲಬ್ಬು ಒಂದು ಸಲವೂ ಕಪ್ ಗೆಲ್ಲಲಿಲ್ಲ. "ಈ ವರ್ಷ ನೋಡ ಬೇಕಾರ" ಎಂದು ಪ್ರತಿ ವರ್ಷ ಹೇಳುತ್ತಿದ್ದ ಅವರ ಯಜಮಾನರು, ಹಾಗೆ ಹೇಳಿದ ಒಂದು ವರ್ಷವೇ ತೀರಿಕೊಂಡರು. ಆಮೇಲೆ ಅತ್ತಿಗೆ ಅಮೆರಿಕದ ಎವರ್‌ಗ್ರೀನಿನ ನಮ್ಮ ಮನೆಗೆ ಬಂದರು. ತಂದದ್ದು ಎರಡು ಸೂಟ್‌ಕೇಸು: ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ನೋಟ್‌ಬುಕ್ಕು. ಕೊರಳಲ್ಲಿ ಯಜಮಾನರ ಹಸಿರು-ಬಿಳಿ ಪಟ್ಟೆಯ ಕ್ಲಬ್ ಮಫ್ಲರು.

ಅದು ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ, ಆ ದೇಶದ್ದೇ ಬೇರೆ ಆಟ; ಎರಡು ಮಾತಿನಲ್ಲಿ ನಿಮಗೆ ಹೇಳಬೇಕು. ಮೈದಾನ ಮೊಟ್ಟೆಯಾಕಾರ, ಚೆಂಡು ಎಳೆಯ ಪಪ್ಪಾಯಿಯ ಆಕಾರ. ಒಂದೊಂದು ಕಡೆ ಹದಿನೆಂಟು ಜನ, ಒಂದೊಂದು ತುದಿಗೆ ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಆರು ಪಾಯಿಂಟು, ಪಕ್ಕದ ಸಂದಿಯಲ್ಲಿ ಹೋದರೆ ಒಂದು. ಆದರೆ ಚೆಂಡು ನಡುವೆಯೇ ಹೋಗುತ್ತಿದ್ದರೂ ಗೆರೆ ದಾಟುವ ಮೊದಲು ಕಾಯುವವನೊಬ್ಬನ ಬೆರಳು ತಾಗಿಬಿಟ್ಟರೆ, ಆರು ಹೋಗಿ ಒಂದೇ! ನನಗೆ ಗೊತ್ತಿರುವುದು ಇಷ್ಟು. ಇಷ್ಟು ಗೊತ್ತಾಗುವುದಕ್ಕೆ ಎರಡು ವರ್ಷ ಹಿಡಿಯಿತು.

ಮೊದಲ ವಾರದ ನನ್ನ ಪ್ರತಾಪವನ್ನಂತೂ ಹೇಳಲೇಬೇಕು. ನಾನು ಬೆಂಗಳೂರಿನವಳು, ಅತ್ತಿಗೆಯ ಮಾತು ಅಪ್ಪಟ ಹುಬ್ಬಳ್ಳಿ. ಅವತ್ತು ಶನಿವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ, ಅವರು ಹಾಲ್‌ನಲ್ಲಿದ್ದರು. ಅಲ್ಲಿಂದಲೇ ಕೂಗಿದರು:

"ಆರು ಮಂದಿ ಕಾಯಾವ್ರು ಅದಾರ ನೋಡವಾ. ಒಬ್ಬಾಂವನೂ ಹೊಟ್ಟಿತುಂಬ ಉಂಡಂಗ ಕಾಣಂಗಿಲ್ಲ!"

"ಆರು ಜನಾನಾ? ಯಾರನ್ನ ಕಾಯ್ತಿದಾರೆ ಅತ್ತಿಗೆ? ಎಲ್ಲಿದಾರೆ?"

"ಎಲ್ಲಿ ಅಂದ್ರ? ಹಿಂದ!"

ಯಾರೋ ಅವರ ಕಡೆಯವರು ಹೇಳದೆ ಕೇಳದೆ ಬಂದು ನಮ್ಮ ಹಿತ್ತಲಿನಲ್ಲಿ ಕಾಯುತ್ತಿದ್ದಾರೆ ಎಂದುಕೊಂಡೆ. ಕುಕ್ಕರಿಗೆ ಇನ್ನೂ ಮೂರು ಪಾವು ಅಕ್ಕಿ ಸುರಿದು, ಕೂದಲು ಸರಿಮಾಡಿಕೊಂಡು, ಮುಖದಲ್ಲೊಂದು ನಗೆ ತಂದುಕೊಂಡು ಹಿಂಬಾಗಿಲು ತೆರೆದೆ. ನಿಂಬೆ ಗಿಡದ ಮೇಲೆ ಒಂದು ಅಳಿಲು ಇತ್ತು. ಅದು ಹೊಟ್ಟೆ ತುಂಬ ಉಂಡ ಹಾಗೇ ಕಾಣುತ್ತಿತ್ತು! ಅತ್ತಿಗೆ ಹೇಳಿದ್ದು ಮೆಲ್ಬರ್ನಿನ ಮೈದಾನದಲ್ಲಿ ಗೋಲು ಕಾಯುವ ಆರು ಜನರ ವಿಷಯ ಎಂದು ತಿಳಿಯುವ ಹೊತ್ತಿಗೆ ಅನ್ನ ಆಗಿತ್ತು. ಮಂಗಳವಾರದವರೆಗೂ ನಾವು ಚಿತ್ರಾನ್ನ ತಿಂದೆವು.

ಪಂದ್ಯಗಳನ್ನು ಆ ಕ್ಲಬ್ಬಿನವರೇ ಯಾರೋ ಕೋಲಿಗೆ ಫೋನು ಕಟ್ಟಿ ಹಿಡಿದು ಅಂತರ್ಜಾಲಕ್ಕೆ ಹಾಕುತ್ತಾರೆ. ಆಟ ನಡೆಯುವಾಗ ಇಲ್ಲಿ ಶುಕ್ರವಾರ ರಾತ್ರಿ. ಅತ್ತಿಗೆ ಆಗ ನೋಡುವುದಿಲ್ಲ. "ನಿದ್ದಿಗಣ್ಣಾಗ ಪೇಪರ್ ತಿದ್ದಬಾರದು" ಎಂದು ಮಲಗಿ, ಶನಿವಾರ ಸ್ನಾನ ಮಾಡಿ, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೂರುತ್ತಾರೆ. ಕಾಯುವ ಆರು ಜನಕ್ಕೂ ಇಪ್ಪತ್ತೈದಕ್ಕೆ ಇಷ್ಟು ಎಂದು ಮಾರ್ಕು! ಕ್ಯಾಮೆರಾ ಪಾಪ, ಎಲ್ಲರ ಹಾಗೆ ಚೆಂಡಿನ ಹಿಂದೆ ಓಡುತ್ತದೆ. "ಅತ್ತಾಗ ಎಲ್ಲಿ ಹೊಂಟಿ? ಇತ್ತಾಗ ತಿರುಗೋ!" ಎಂದು ಅತ್ತಿಗೆ ಅದನ್ನು ಗದರಿಸುತ್ತಾರೆ. ಹಿಂದಿನ ದಿನವೇ ಮುಗಿದುಹೋದ ಆಟದ ಕ್ಯಾಮೆರಾವನ್ನು ಇವತ್ತು ಗದರಿಸಿ ಏನು ಪ್ರಯೋಜನ ಎಂದು ನೀವು ಕೇಳಬಹುದು. ನಾನು ಕೇಳಿಲ್ಲ. ಏಕೆಂದರೆ ಒಂದೆರಡು ಸಲ ಅದು ತಿರುಗಿದ್ದನ್ನು ನಾನೇ ಕಂಡಿದ್ದೇನೆ!

ಇಪ್ಪತ್ತಮೂರನೇ ನಂಬರಿನ ಹುಡುಗ ಅವರಿಗೆ ಅಚ್ಚುಮೆಚ್ಚು. ಹುಡುಗ ಎಂದರೆ ಮೂವತ್ತೈದು ದಾಟಿದವನು, ತಲೆ ನೆತ್ತಿಯಲ್ಲಿ ಬೋಳು. "ಇಂವಾ ಜ್ವಾಳದ ಒಣ ಕಟಿರೊಟ್ಟಿ ಇದ್ದಂಗ. ನೋಡಾಕ ಚಂದಿಲ್ಲ, ಕೆಡಂಗಿಲ್ಲ." ಅವನು ಎಡಕ್ಕೆ ಹಾರುತ್ತಾನೋ ಬಲಕ್ಕೆ ಹಾರುತ್ತಾನೋ ಎಂದು ಅವನಿಗೇ ಗೊತ್ತಾಗುವ ಮೊದಲು ಅತ್ತಿಗೆಗೆ ಗೊತ್ತಾಗುತ್ತದೆ. "ಎಡಕ್ಕ" ಎನ್ನುತ್ತಾರೆ. ಎಡಕ್ಕೇ ಹಾರುತ್ತಾನೆ. ಹೇಗೆ ಗೊತ್ತಾಯಿತು ಎಂದರೆ, "ಹಿಮ್ಮಡಿ ಎತ್ತಿದ್ನಲ್ಲ, ನೋಡಲಿಲ್ಲೇನು?" ಫೋನಿನ ಆ ಅಲುಗಾಡುವ ಚಿತ್ರದಲ್ಲಿ ನನಗೆ ಇಡೀ ಮನುಷ್ಯನೇ ಸರಿಯಾಗಿ ಕಾಣುವುದಿಲ್ಲ, ಇವರಿಗೆ ಹಿಮ್ಮಡಿ ಕಾಣುತ್ತದೆ! ರಜೆಗೆ ಬಂದಿದ್ದ ನನ್ನ ಮಗಳು ಬಾಯಿ ತೆರೆದು, "ಅಮ್ಮಾ, ಷಿ ಈಸ್ ಎ ಲೆಜೆಂಡ್" ಎಂದಳು.

ಇಷ್ಟು ದೂರದ ದೇಶದಲ್ಲಿ ಆ ಪುಟ್ಟ ಕ್ಲಬ್ಬಿಗೆ ಇನ್ನೊಬ್ಬ ಭಕ್ತರೂ ಸಿಕ್ಕಿದರು ಎಂದರೆ ನಂಬುತ್ತೀರಾ? ವಾಲ್ನಟ್ ಕ್ರೀಕಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಅತ್ತಿಗೆ ಒಬ್ಬರೇ ರೈಲು ಹತ್ತಿದ್ದರು. ಎದುರಿನ ಸೀಟಿನಲ್ಲಿದ್ದ ಬಿಳಿಗಡ್ಡದ ಮುದುಕರೊಬ್ಬರು ಮಫ್ಲರನ್ನೇ ದಿಟ್ಟಿಸಿ ಎದ್ದು ನಿಂತುಬಿಟ್ಟರು. ಅವರು ಹುಟ್ಟಿ ಬೆಳೆದದ್ದು ಅದೇ ಮೈದಾನದ ಇನ್ನೊಂದು ಬದಿಯ ಬೀದಿಯಲ್ಲಿ! ಹೆಸರು, ಊರು, ಕುಶಲ, ಯಾವುದನ್ನೂ ಇಬ್ಬರೂ ಕೇಳಲಿಲ್ಲ. "ಇಪ್ಪತ್ತಮೂರಕ್ಕೆ ವಯಸ್ಸಾಯಿತು, ತೆಗೆಯಬೇಕು" ಎಂದರು ಅವರು. ಅಲ್ಲಿಂದ ಜಗಳ ಶುರು. ಇಬ್ಬರೂ ವಾಲ್ನಟ್ ಕ್ರೀಕಿನಲ್ಲಿ ಇಳಿಯಬೇಕಾದವರು, ರೈಲಿನ ಕೊನೆಯ ಸ್ಟೇಷನ್ನಿನವರೆಗೂ ಹೋದರು. ಕಣ್ಣಿನ ಡಾಕ್ಟರು ಅಂದು ಅತ್ತಿಗೆಯ ಕಣ್ಣನ್ನು ನೋಡಲೇ ಇಲ್ಲ.

ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಫೋನು. ಸ್ಪೀಕರು ಹಾಕಿಕೊಂಡು ಇಬ್ಬರೂ ಮಾರ್ಕು ಹೋಲಿಸುತ್ತಾರೆ.

"ಮೇಟ್, ಟ್ವೆಂಟಿ ತ್ರೀ ಈಸ್ ಟೂ ಓಲ್ಡ್."

"ಸೋ ಆರ್ ಯು," ಎನ್ನುತ್ತಾರೆ ಅತ್ತಿಗೆ, ಸೊಪ್ಪು ಬಿಡಿಸುತ್ತಾ. "ಬಟ್ ಐ ಆಮ್ ಸ್ಟಿಲ್ ಟಾಕಿಂಗ್ ಟು ಯು."

ಅತ್ತಿಗೆಯ ಕಣ್ಣು ಮೈದಾನದಲ್ಲೇ ಇದ್ದಿದ್ದರೆ ನಾನು ಬಚಾವು. ಆದರೆ ಕಳೆದ ಗೌರಿ ಹಬ್ಬಕ್ಕೆ ಮನೆಗೆ ನಲವತ್ತು ಜನ ಬಂದಿದ್ದರು. ನನ್ನ ಗಂಡ ಹೊಸ ಜುಬ್ಬಾ ಹಾಕಿ, ಹೋಳಿಗೆ ತಟ್ಟೆ ಹಿಡಿದು, ಎಲ್ಲರಿಗೂ ಉಪಚಾರ ಮಾಡಿ ಬಡಿಸಿದರು. "ಎಂಥ ಹೋಳಿಗೆ ಸಾರ್!" ಎಂದು ಜನ ಅವರನ್ನೇ ಹೊಗಳಿದರು. ಇವರು ಕೈಜೋಡಿಸಿ ಹೊಗಳಿಕೆಯನ್ನು ಸ್ವೀಕರಿಸಿದರು ಕೂಡ! ಎಲ್ಲರೂ ಹೋದ ಮೇಲೆ ಅತ್ತಿಗೆ ಅಡುಗೆಮನೆಗೆ ಬಂದು ನಿಂತರು.

"ನಿನಗ ಇಪ್ಪತ್ತೈದಕ್ಕ ಹದಿನೆಂಟು."

"ಯಾಕೆ ಅತ್ತಿಗೆ? ಬರೀ ಹದಿನೆಂಟಾ?"

"ಎಡಗಡೆ ಒಲಿ ಬಿಟ್ಟು ಬಲಕ್ಕ ಹೋದಿ. ಹಾಲು ಉಕ್ಕಿತು. ಅದು ಅವರಿಗೆ ಆರು ಪಾಯಿಂಟು."

"ಅಕ್ಕಾ, ನನಗೆಷ್ಟು?" ಎಂದು ಹಾಲ್‌ನಿಂದ ನನ್ನ ಗಂಡ ಕೂಗಿದರು.

"ನೀ ಫಾರ್ವರ್ಡೋ. ಫಾರ್ವರ್ಡಿಗೆ ನಾ ಪೇಪರ್ ತಿದ್ದಂಗಿಲ್ಲ!"

ಇಪ್ಪತ್ತು ವರ್ಷದ ಸಂಸಾರದಲ್ಲಿ ನನಗೆ ಬಂದ ಅತಿ ದೊಡ್ಡ ಬಹುಮಾನ ಆ ಹದಿನೆಂಟು.

ಈ ವರ್ಷ ನಡೆಯಬಾರದ್ದು ನಡೆಯಿತು. ಅತ್ತಿಗೆಯ ತಂಡ ಫೈನಲ್ಲಿಗೆ ಬಂತು! ಅವರು ಕುಣಿಯಲಿಲ್ಲ. ಮಫ್ಲರನ್ನು ಕೈಯಲ್ಲೇ ಒಗೆದು, ನೆರಳಿನಲ್ಲಿ ಒಣಗಿಸಿದರು, ಅಷ್ಟೆ. ಶನಿವಾರ ಒಂಬತ್ತಕ್ಕೆ ವಾಲ್ನಟ್ ಕ್ರೀಕಿನ ಮುದುಕರೂ ನಮ್ಮ ಮನೆಗೆ ಬರುವುದು, ಒಟ್ಟಿಗೆ ನೋಡುವುದು ಎಂದಾಯಿತು. ಅವರೋ ಆತುರಗಾರರು. ಶುಕ್ರವಾರ ರಾತ್ರಿಯೇ ನೋಡಿಬಿಡುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದರು.

ಶನಿವಾರ ಬೆಳಿಗ್ಗೆ ಆರಕ್ಕೆ ನನಗೆ ಹೊಟ್ಟೆನೋವು ಬಂತು. ಸಣ್ಣ ನೋವಲ್ಲ. ಬಚ್ಚಲಿನ ನೆಲದ ಮೇಲೆ ಮುದುಡಿ ಬಿದ್ದಿದ್ದೆ. ಪಿತ್ತಕೋಶದಲ್ಲಿ ಕಲ್ಲು, ಅವತ್ತೇ ತೆಗೆಯಬೇಕು ಎಂದರು ಆಸ್ಪತ್ರೆಯಲ್ಲಿ. ನನ್ನ ಗಂಡ ಕಾರು ನಿಲ್ಲಿಸಲು ಓಡಿದರು, ಕಾಫಿಗೆ ಓಡಿದರು, ಬೆಂಗಳೂರಿಗೆ ಫೋನು ಮಾಡಲು ಓಡಿದರು. ಪಾಪ, ಫಾರ್ವರ್ಡು! ಅತ್ತಿಗೆ ಒಂದು ಕುರ್ಚಿ ಎಳೆದು ಬಾಗಿಲ ಬಳಿ ಹಾಕಿಕೊಂಡು ಕುಳಿತರಂತೆ. ಒಳಗೆ ಹೋಗುವ ಪ್ರತಿಯೊಬ್ಬರನ್ನೂ ನೀವು ಯಾರು, ಏನು ಮಾಡಲು ಹೋಗುತ್ತಿದ್ದೀರಿ ಎಂದು ಕೇಳಿದರಂತೆ. ಇದನ್ನು ನನಗೆ ಹೇಳಿದ್ದು ನರ್ಸು.

ನಾನು ಕಣ್ಣು ಬಿಟ್ಟಾಗ ಹಾಸಿಗೆಯ ಕಾಲ ಬಳಿ ಹಸಿರು-ಬಿಳಿ ಪಟ್ಟೆ ಕಂಡಿತು. ಹೊರಗೆ ಬಿಸಿಲು ಇಳಿಯುತ್ತಿತ್ತು.

"ಅತ್ತಿಗೆ, ಮ್ಯಾಚು?"

"ಎಲ್ಲಿ ಓಡಿಹೋಗತೈತಿ ಅದು?"

"ಬೆಳಿಗ್ಗೆಯಿಂದ ಏನು ಮಾಡ್ತಿದ್ರಿ ಮತ್ತೆ?"

"ಕಾಯಾಕತ್ತಿದ್ದೆ." ಹೊದಿಕೆಯ ತುದಿಯನ್ನು ನನ್ನ ಪಾದಕ್ಕೆ ಎಳೆದು, "ಡಾಕ್ಟರಿಗೆ ಇಪ್ಪತ್ತು. ಕೈ ಛಲೋ, ಮಾತು ಕಡಿಮಿ" ಎಂದರು.

ನಾನು ಸೋಫಾದ ಮೇಲೆ ಕೂರುವ ಹಾಗಾಗುವವರೆಗೂ ಅತ್ತಿಗೆ ಟಿ.ವಿ. ಹಾಕಲಿಲ್ಲ. "ಬೀನ್ಸ್ ಹಿಡಕೊಂಡು ಪಕ್ಕಕ್ಕ ಕೂಡಾವ್ರು ಬೇಕಲ್ಲವಾ" ಎಂದರು. ಆ ನಾಲ್ಕು ದಿನ ವಾಲ್ನಟ್ ಕ್ರೀಕಿನವರು ಫೋನೇ ಎತ್ತಲಿಲ್ಲ. ಹಲೋ ಎಂದರೂ ದನಿಯಲ್ಲಿ ಫಲಿತಾಂಶ ಸೋರಿಹೋದೀತೆಂಬ ಭಯ! ಮೆಸೇಜು ಹಾಕಿ ಕರೆದದ್ದಕ್ಕೆ ಬುಧವಾರ ಅವರು ಆಲೂಗಡ್ಡೆ ತುಂಬಿದ ಪೈ ಹಿಡಿದು, ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡೇ ಬಂದು ಕುಳಿತರು. ಕಣ್ಣೂ ಸೋರಬಾರದಲ್ಲ!

ಕೊನೆಯ ನಿಮಿಷ. ನಮ್ಮವರು ಎರಡೇ ಪಾಯಿಂಟು ಮುಂದೆ. ಎದುರಾಳಿ ಒದ್ದ ಚೆಂಡು ಸೀದಾ ನಡುವಿನ ಕಂಬಗಳಿಗೆ ಬರುತ್ತಿತ್ತು. ಗೆರೆಯ ಮೇಲೆ ಆ ಬೋಳುತಲೆ. "ಎಡಕ್ಕ," ಎಂದರು ಅತ್ತಿಗೆ ಮೆಲ್ಲಗೆ. ಅವನು ಎಡಕ್ಕೆ ಹಾರಿದ. ಚೆಂಡು ಗೆರೆ ದಾಟಿತು. ಬಿಳಿ ಕೋಟಿನ ಅಂಪೈರು ಒಂದು ಕ್ಷಣ ನಿಂತು, ಒಂದೇ ಬೆರಳು ತೋರಿಸಿದ. ಬೆರಳ ತುದಿ ತಾಗಿತ್ತು! ಆರಲ್ಲ, ಒಂದು! ಗೆದ್ದೆವು, ಒಂದೇ ಪಾಯಿಂಟಿನಿಂದ! ನಾನು ಹೊಟ್ಟೆಯ ಹೊಲಿಗೆ ಮರೆತು ಕೂಗಿದೆ. ಮುದುಕರು ಕನ್ನಡಕ ತೆಗೆದು ಜೋರಾಗಿ ಅತ್ತರು.

ಅತ್ತಿಗೆ ಮಾತ್ರ ಮಾರ್ಕು ಹಾಕಲೇ ಇಲ್ಲ. ನೋಟ್‌ಬುಕ್ಕು ತೊಡೆಯ ಮೇಲೆ ಮುಚ್ಚಿಕೊಂಡೇ ಇತ್ತು.

"ಭಾಳ ಛಲೋ ಕಾದ್ರು," ಎಂದರು.

"ಹೂಂ ಅತ್ತಿಗೆ! ಆರು ಜನಕ್ಕೂ ಇಪ್ಪತ್ತೈದಕ್ಕೆ ಇಪ್ಪತ್ತೈದು ಕೊಟ್ಟುಬಿಡಿ ಇವತ್ತು!"

ಅವರು ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಅವರಲ್ಲವಾ. ನಮ್ಮ ಮನಿಯವರು. ಇಪ್ಪತ್ತೆರಡು ವರ್ಷ."

ನಾನು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋದೆ. ಊಟಕ್ಕೆ ನಾವು ನಾಲ್ಕು ಜನ. ಅಕ್ಕಿಯನ್ನು ಐದು ಜನಕ್ಕೆ ಅಳೆದು ಹಾಕಿದೆ.