ನನ್ನ ಬ್ರೇಕಿಗೊಬ್ಬ ಮೇಲಧಿಕಾರಿ

ಮನುಷ್ಯರು ಮಾಡಿದ ಅವಮಾನವನ್ನು ನಾನು ನುಂಗಿಕೊಳ್ಳಬಲ್ಲೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವವನಿಗೆ ಅದು ರೂಢಿಯಾಗಿಬಿಟ್ಟಿರುತ್ತದೆ. ಆದರೆ ನಾನು ಹಾಕಿಸಿದ ಪೆಟ್ರೋಲು ಕುಡಿದು, ನನ್ನ ಮನೆಯ ನೆರಳಲ್ಲಿ ನಿಲ್ಲುವ ಮೋಟರ್‌ಸೈಕಲ್ಲು ‘ನಿನಗೆ ಬ್ರೇಕ್ ಹಿಡಿಯಲು ಬರುವುದಿಲ್ಲ’ ಎಂದರೆ ಹೇಗೆ ಸಹಿಸುವುದು ಹೇಳಿ!

ಬ್ರೇಕ್ ಹಿಡಿಯುವುದು ನಮ್ಮ ಮನೆತನದ ವಿದ್ಯೆ. ಅಪ್ಪನ ಗಾಡಿಗೆ ಇದ್ದದ್ದು ಡ್ರಮ್ ಬ್ರೇಕು. ಮಳೆಯಲ್ಲಿ ನೆನೆದರೆ ಅದು ಅರ್ಜಿ ತೆಗೆದುಕೊಳ್ಳುತ್ತಿತ್ತೇ ಹೊರತು ಕೆಲಸ ಮಾಡುತ್ತಿರಲಿಲ್ಲ. ಹೊಸೂರಿನಲ್ಲಿ ನಿಲ್ಲಬೇಕಾದರೆ ಮೈಲುಗಟ್ಟಲೆ ಹಿಂದೆ, ಉಣಕಲ್ ಕೆರೆಯ ಹತ್ತಿರವೇ ಸಂಕಲ್ಪ ಮಾಡಿಕೊಳ್ಳಬೇಕು. “ತಮ್ಮಾ, ಮುಂದಿನ ಬ್ರೇಕ್ ಮುಟ್ಟಬ್ಯಾಡ, ಪಲ್ಟಿ ಹೊಡೀತಿ” ಎಂಬುದು ಅಪ್ಪ ನನಗೆ ಕೊಟ್ಟ ಏಕೈಕ ಉಪದೇಶ. ನನ್ನ ಕಾಲಕ್ಕೆ ಡಿಸ್ಕ್ ಬ್ರೇಕು ಬಂತು. ಅದಕ್ಕೆ ಎರಡು ಬೆರಳು ಸಾಕು. ಆದರೆ ಗಾಬರಿಯಲ್ಲಿ ಹಿಂಡಿದಿರೋ, ಚಕ್ರ ಕಟ್ಟಿಹಾಕಿದಂತೆ ನಿಂತು, ಗಾಡಿ ಜಾರಿ, ಸವಾರ ರಸ್ತೆಗೆ ಸಾಷ್ಟಾಂಗ ಹಾಕುತ್ತಾನೆ. ಅದಕ್ಕಾಗಿ ಹಿಡಿ, ಬಿಡು, ಹಿಡಿ, ಬಿಡು ಎಂಬುದನ್ನು ನಾನು ತಬಲಾ ಕಲಿಯುವವರಂತೆ ಸಾಧನೆ ಮಾಡಿದೆ. ಕೇಳದಿದ್ದರೂ ಓಣಿಯವರಿಗೆಲ್ಲ ಕಲಿಸಿದೆ.

ಈ ಸಾಧನೆಯ ಹೊಟ್ಟೆಯ ಮೇಲೆ ಹೊಡೆದದ್ದು ಎಬಿಎಸ್. ಚಕ್ರ ಬಿಗಿದು ನಿಲ್ಲದಂತೆ ಕಾಯುವ ಈ ವ್ಯವಸ್ಥೆ ಮೊದಲು ವಿಮಾನಕ್ಕೆ, ಆಮೇಲೆ ಕಾರಿಗೆ ಬಂತಂತೆ. ಪರದೇಶದ ದೊಡ್ಡ ಮೋಟರ್‌ಸೈಕಲ್ಲುಗಳಿಗೆ ಕೂಡಿಸಿದಾಗ ಸಣ್ಣ ಜೋಳದ ಚೀಲದಷ್ಟು ಭಾರವಿತ್ತಂತೆ. ಹಾಗೇ ಇದ್ದಿದ್ದರೆ ನನ್ನ ತಕರಾರಿರಲಿಲ್ಲ. ಅದು ಕರಗಿ ಕರಗಿ ಎಲೆಅಡಿಕೆ ಡಬ್ಬಿಯಷ್ಟಾಗಿ ನಮ್ಮ ಗಾಡಿಗಳೊಳಗೂ ನುಸುಳಿತು. ಮೊದಮೊದಲು ಮುಂದಿನ ಚಕ್ರಕ್ಕೆ ಮಾತ್ರ ಕಾವಲಿತ್ತು, ಅಂದರೆ ಸವಾರನ ಮೇಲೆ ಅರ್ಧ ನಂಬಿಕೆ. ಈಗ ಎರಡೂ ಚಕ್ರಕ್ಕೆ. ಗಾಡಿ ಎಷ್ಟು ವಾಲಿದೆ ಎಂದು ನೋಡಿ ಬ್ರೇಕ್ ಅಳೆದು ಕೊಡುವ ದುಬಾರಿ ಗಾಡಿಗಳೂ ಇವೆಯಂತೆ. ಹಾಗಾದರೆ ಸವಾರ ಯಾಕೆ ಬೇಕು, ಹಾರನ್ ಹೊಡೆಯಲೇ?

ಇದೇ ಪ್ರಶ್ನೆಯನ್ನು ನಾನು ಶೋರೂಮಿನಲ್ಲಿ ಎತ್ತಿದ್ದೆ. ಹಳೆಯ ಗಾಡಿ ಕೊಟ್ಟು ಹೊಸದು ಕೊಳ್ಳುವಾಗ ನನ್ನ ಹೆಂಡತಿ ಸುಮಾ ಎರಡೂ ಚಕ್ರಕ್ಕೆ ಎಬಿಎಸ್ ಇರುವುದೇ ಬೇಕೆಂದು ಹಟ ಹಿಡಿದಳು.

“ಅಂದ್ರ, ನನಗ ಬ್ರೇಕ್ ಹಿಡ್ಯಾಕ ಬರೂದಿಲ್ಲ ಅಂತೇನು?” ಎಂದೆ.

“ನೀವು ಛಲೋನ ಹಿಡೀತೀರಿ. ಹಿಂದ ಕೂಡಾಕಿ ನಾನು, ನನಗ ಅಂಜಿಕಿ,” ಎಂದಳು.

ಶೋರೂಮಿನ ಹುಡುಗಿ ಮುಖ ತಿರುಗಿಸಿ ನಕ್ಕಳು. ಗಾಡಿ ಮನೆಗೆ ಬಂತು. ನಾನು ಎರಡು ದಿನ ಅದನ್ನು ಒರೆಸಲಿಲ್ಲ.

ಸುಮಾ ಅಮ್ಮಿನಬಾವಿ ಹಳ್ಳಿಯಲ್ಲಿ ಶಾಲೆಯ ಶಿಕ್ಷಕಿ. ಒಂದು ದಿನ ಬಸ್ಸು ತಪ್ಪಿತೆಂದು ನಾನೇ ಬಿಡಲು ಹೊರಟೆ. ತುಂತುರು ಮಳೆ. ಹೊಲದಿಂದ ಬಂದ ಟ್ರ್ಯಾಕ್ಟರುಗಳ ಗಾಲಿಯಿಂದ ಎರೆಮಣ್ಣು ಉದುರಿ, ಡಾಂಬರಿನ ಮೇಲೆ ಬೆಣ್ಣೆ ಸವರಿದಂತಾಗಿತ್ತು. ಊರು ಇನ್ನೇನು ಬಂತು ಎನ್ನುವಾಗ ಜಾಲಿಗಿಡದ ಮರೆಯಿಂದ ಒಂದು ಟ್ರ್ಯಾಕ್ಟರು ತನ್ನ ಟ್ರೇಲರನ್ನು ಹಿಂದೆ ಹಿಂದೆ ದಬ್ಬುತ್ತ ರಸ್ತೆಗೆ ಅಡ್ಡ ಬಂತು. ಸುಮಾ “ಅಯ್ಯ ಶಿವನ!” ಎಂದಳು. ನಾನು ಕೈಯನ್ನೂ ಕಾಲನ್ನೂ ಇದ್ದಷ್ಟು ಬಲದಿಂದ ಒತ್ತಿದೆ. ಬೆರಳ ಕೆಳಗೆ ಲಿವರ್ ಥರಥರ ನಡುಗಿತು. ಪೆಡಲು ಬೂಟನ್ನು ಒಳಗಿನಿಂದ ಯಾರೋ ಕುಟ್ಟಿದಂತೆ ಕುಟ್ಟಿತು. ಗಾಡಿ ಜಾರಲಿಲ್ಲ, ವಾಲಲಿಲ್ಲ. ಟ್ರೇಲರಿನ ಹಲಗೆ ಮೂಗಿಗೆ ತಾಗುವಷ್ಟರಲ್ಲಿ ನೆಟ್ಟಗೆ ನಿಂತಿತು.

ಬದುಕಿ ಉಳಿದ ಆ ಗಳಿಗೆಯಲ್ಲೂ ಸಿಟ್ಟು ಬಂತು ನೋಡಿ! ಹಿಡಿ, ಬಿಡು ಎಂಬ ನನ್ನ ವಿದ್ಯೆಯನ್ನು ಆ ಡಬ್ಬಿ ನನಗಿಂತ ಎಷ್ಟೋ ಪಟ್ಟು ಬೇಗ, ನನ್ನನ್ನು ಒಂದು ಮಾತೂ ಕೇಳದೆ ಮಾಡಿ ಮುಗಿಸಿತ್ತು.

ಟ್ರ್ಯಾಕ್ಟರಿನವನು ಓಡಿ ಬಂದ. “ತಪ್ಪಾತ್ರಿ ಸರ, ಕಾಣಲಿಲ್ರಿ. ಆದ್ರ ಏನ್ ಬ್ರೇಕ್ ಹಿಡದ್ರಿ! ಬ್ಯಾರೆ ಯಾರರ ಆಗಿದ್ರ ಬಿದ್ದಬಿಡ್ತಿದ್ರು ನೋಡ್ರಿ.”

ನಿಜ ಹೇಳಬೇಕೆಂದೇ ಬಾಯಿ ತೆರೆದೆ. “ಏನಿಲ್ಲಪಾ, ರೂಢಿ ಅದ,” ಎಂಬ ಮಾತು ಹೊರಬಂತು.

ಸುಮಾ ಇಳಿದು ಸೀರೆ ಸರಿಮಾಡಿಕೊಂಡಳು. ಅವನು ಅತ್ತ ಹೋಗುವವರೆಗೂ ಕಾದು, ಮೆಲ್ಲಗೆ, “ಕನ್ನಡ್ಯಾಗ ನಿಮ್ಮ ಮಾರಿ ಕಂಡ್ತು. ಎರಡೂ ಕಣ್ಣು ಮುಚ್ಚಿದ್ರಿ,” ಎಂದಳು.

ಮನೆಗೆ ಬಂದವನೇ ಗಾಡಿಯನ್ನು ಚೆನ್ನಾಗಿ ಒರೆಸಿದೆ. ಆಮೇಲೆ ಕನ್ನಡಿಯನ್ನು, ನನ್ನ ಮುಖ ಯಾರಿಗೂ ಕಾಣದಷ್ಟು, ಹೊರಕ್ಕೆ ತಿರುಗಿಸಿಟ್ಟೆ.