ಮೆಣಸಿನ ಗಿಡದ ಮೈಲಿಗೆ

ನನ್ನ ನಾದಿನಿಯಂಥ ಕ್ರೂರಿ ಇಡೀ ಹೊಸಪೇಟೆಯಲ್ಲೇ ಇಲ್ಲ! ನಮ್ಮ ತಾರಸಿಯ ಮೇಲೆ ಮೆಣಸಿನ ಗಿಡಗಳನ್ನು ಸಾಲಾಗಿ ನಿಲ್ಲಿಸಿ, ನೀರು ಕೊಡದೆ ಗೋಳು ಹೊಯ್ದುಕೊಳ್ಳುತ್ತಾಳೆ. ಇದಕ್ಕೆ ಸಂಶೋಧನೆ ಎಂದು ಹೆಸರು! ಬಾಯಾರಿದ ಈ ಗಿಡಗಳು ಬೀಜ ಕಟ್ಟಿದರೆ ಮಾತ್ರ ಅವಳ ಪಿಎಚ್‌ಡಿ ಮುಂದೆ ಸಾಗುತ್ತದೆ. ಇಲ್ಲವಾದರೆ ಮತ್ತೆ ಮೊದಲಿನಿಂದ.

ಹೀಗಾಗಿ ನಮ್ಮಲ್ಲಿ ಬಟ್ಟೆ ಒಣಹಾಕುವುದೂ ವಿಜ್ಞಾನವೇ. ಒಮ್ಮೆ ನನ್ನ ಹಸಿ ಸೀರೆಯಿಂದ ಕುಂಡಕ್ಕೆ ಹನಿ ಬಿತ್ತು.

“ಅತ್ತಿಗೀ, ಗಿಡಕ್ಕ ನೀರು ಕುಡಿಸಾಕ ಬಂದೀರೇನ್ರಿ?”

“ನಾನಲ್ಲವ್ವಾ, ಸೀರಿ.”

“ಸೀರಿ ಹಿಂಡೋದು ನಿಮ್ಮ ಕಾನ್ವೆಂಟಿನಾಗ ಕಲಿಸಿಲ್ಲೇನು?”

ಕಲಿಸಿರಲಿಲ್ಲ, ನಿಜ. ಕರವಸ್ತ್ರದ ಅಂಚಿಗೆ ಹೂ ಹಾಕುವುದನ್ನು ಕಲಿಸಿದ್ದರು.

ಅತ್ತೆಯವರದು ಇನ್ನೂ ದೊಡ್ಡ ಕಥೆ. ಮಗಳು ಫೋನಿನಲ್ಲಿ ಗೆಳತಿಗೆ, “ಗಿಡಕ್ಕ ಮಿಥೈಲೇಷನ್ ಭಾಳ ಆಗೈತಿ” ಎಂದದ್ದು ಅವರ ಕಿವಿಗೆ ‘ಮೈಲಿಗಿ’ ಎಂದು ಬಿತ್ತು. ತಡ ಮಾಡಿಯಾರೇ? ಚೊಂಬಿನಲ್ಲಿ ಅರಿಶಿನ ಕದಡಿ, ಬೇವಿನ ಸೊಪ್ಪು ಅದ್ದಿ, ಗಿಡಗಳನ್ನೆಲ್ಲ ಶುದ್ಧಿ ಮಾಡಿಯೇಬಿಟ್ಟರು! ಮಿಕ್ಕ ನೀರು ಬುಡಕ್ಕೆ.

“ಯವ್ವಾ, ಏನ್ ಮಾಡಿದಿ!” ನಾದಿನಿ ಹಳದಿ ಎಲೆ ಹಿಡಿದು ಚೀರಿದಳು.

“ಮೈಲಿಗಿ ತೆಗದೀನಿ. ಉಪಕಾರ ಮಾಡಿದ್ರೂ ಬೈಸ್ಕೊಬೇಕೇನ್ಲೇ?”

ಪುಣ್ಯಕ್ಕೆ ಟ್ಯಾಂಕಿನ ಹಿಂದಿನ ಒಂದು ಸಾಲು ಅತ್ತೆಯ ಕಣ್ಣಿಗೆ ಬಿದ್ದಿರಲಿಲ್ಲ. ಇನ್ನು ಅವಳ ಆಸೆಯೆಲ್ಲ ಅದರ ಮೇಲೆಯೇ. ಅದಾದರೂ ಉಳಿಯಲೆಂದು ತಾಯಿಯನ್ನು ಕೂರಿಸಿ ಪಾಠ ಹೇಳಿದಳು.

“ಹೆಚ್ಚಿಟ್ಟ ಬದನಿಕಾಯಿ ಗಾಳಿಗೆ ಕಪ್ಪಾಗ್ತೈತಲ್ಲವ್ವಾ? ನೀರಿಲ್ಲದ ಗಿಡದ ಒಳಗೂ ಆಮ್ಲಜನಕ ಹಂಗ ಕಾಡ್ತೈತಿ. ಆ ತ್ರಾಸಿಗೆ ಡಿಎನ್‌ಎ ಮ್ಯಾಲಿನ ಕೆಲವು ಗುರುತು ಅಳಿಸ್ತಾವ, ಕೆಲವು ಹೊಸವು ಬೀಳ್ತಾವ. ಅಕ್ಷರ ಅವೇ; ಯಾವುದನ್ನ ಓದಬೇಕು, ಯಾವುದನ್ನ ಬಿಡಬೇಕು ಅನ್ನೋದು ಬದಲಾಗ್ತೈತಿ. ಆ ಗುರುತು ಬೀಳೋದಕ್ಕ ಮಿಥೈಲೇಷನ್ ಅಂತಾರ. ಒಮ್ಮೊಮ್ಮೆ ಬೀಜಕ್ಕೂ ದಾಟ್ತೈತಿ.”

ಅತ್ತೆ ಕಿವಿಯ ಪಕ್ಕದ ಬಿಳಿ ಕೂದಲನ್ನು ಸುಮ್ಮಸುಮ್ಮನೆ ಹಿಂದಕ್ಕೆ ಸರಿಸುತ್ತಿದ್ದರು.

“ನೀ ಹೊಟ್ಟ್ಯಾಗಿದ್ದಾಗ ನಾ ಸಂಡೂರಿನ ಗಣಿಯಾಗ ಅದಿರಿನ ಬುಟ್ಟಿ ಹೊತ್ತೀನಿ. ಉಪಾಸನೂ ಇದ್ದೀನಿ. ನಿನಗೇನರ ಆಗೈತೇನ ಮಗಳ?”

ಯಾವುದಕ್ಕೂ ಉತ್ತರವಿರುವ ನನ್ನ ನಾದಿನಿ ತಾಯಿಯ ಬೆರಳಿಗಂಟಿದ ಅರಿಶಿನವನ್ನು ದುಪಟ್ಟಾದಿಂದ ಒರೆಸುತ್ತಾ ಕುಳಿತಳು.

ಮೊನ್ನೆ ಟ್ಯಾಂಕಿನ ಹಿಂದೆ ಕಾಯಿ ಹಣ್ಣಾಗಿದ್ದವು. ನಾದಿನಿ ಒಂದನ್ನು ಬಿಡಿಸಿ ಬೀಜಗಳನ್ನು ಅಂಗೈಯಲ್ಲಿ ಹರಡಿದಳು. ಅತ್ತೆ ಮಗಳ ಮುಖವನ್ನೇ ನೋಡುತ್ತಾ ಕೇಳಿದರು:

“ಚಲೋ ಅದಾವೇನ?”

“ಭಾಳ ಚಲೋ ಅದಾವವ್ವಾ.”